ಆಣೆಯೂ ಔಷಧವೂ

ಸಂಸ್ಕೃತ ಪಾಠಶಾಲೆಯಲ್ಲಿ ನಾನು ಬಾಲ್ಯದಲ್ಲಿ ಬಾಯಿಪಾಠ ಮಾಡಿದ ಗ್ರಂಥಗಳಲ್ಲಿ ಧಾತುಪಾಠವೂ ಒಂದು. ಅದರಲ್ಲಿ ಮದ್ ಎಂಬ ಧಾತುವುಂಟು. ಅದಕ್ಕೆ ಹರ್ಷವೆಂದು ಅರ್ಥ. ಆ ಒಂದೇ ಧಾತುವಿನಿಂದ ಮದ, ಮದ್ಯ, ಪ್ರಮಾದ, ಉನ್ಮಾದ ಎಂಬ ಶಬ್ದಗಳು ಹುಟ್ಟಿವೆ. ಮೂವತ್ತನಾಲ್ಕು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿದ ನಾನು ಪ್ರತಿವರ್ಷವೂ ಈ ಶಬ್ದಗಳನ್ನು ಕರಿಹಲಗೆಯ ಮೇಲೆ ಮೆಟ್ಟಿಲುಮೆಟ್ಟಿಲಾಗಿ ಬರೆದು, “ನೋಡಿರಿ, ಸಂತೋಷಕ್ಕೆಂದು ಹೊರಟವನು ಹುಚ್ಚಿನಲ್ಲಿ ಹೋಗಿ ನಿಲ್ಲುತ್ತಾನೆ” ಎಂದು ಹುಡುಗರಿಗೆ ನೀತಿಯನ್ನು ಹೇಳುತ್ತಿದ್ದೆನು. ಹುಡುಗರು ತಲೆಯಾಡಿಸುತ್ತಿದ್ದರು. ಅದೇ ಪಾಠವನ್ನು ಮನೆಯಲ್ಲಿ ನನ್ನ ತಮ್ಮನಿಗೂ ಹೇಳಿದೆನು. ಒಂದೆರಡು ಸಲವಲ್ಲ, ಹನ್ನೊಂದು ವರ್ಷ ಹೇಳಿದೆನು. ಅವನು ತಲೆಯನ್ನು ತಗ್ಗಿಸುತ್ತಿದ್ದನು. ತಗ್ಗಿದ ತಲೆಯನ್ನು ನಾನು ಪಶ್ಚಾತ್ತಾಪವೆಂದು ಬಗೆದೆನು. ಅದು ಏನಾಗಿತ್ತೆಂದು ತಿಳಿಯುವುದಕ್ಕೆ ನನಗೆ ಬಹುಕಾಲ ಹಿಡಿಯಿತು. ಆ ಸಂಗತಿಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಸ್ವಂತ ಮನೆಯ ಮಾತನ್ನು ಪತ್ರಿಕೆಗೆ ಬರೆಯುವುದು ನಮ್ಮ ಹಿರಿಯರ ಪದ್ಧತಿಯಲ್ಲ. ತಮ್ಮನ ಅನುಮತಿಯನ್ನು ಪಡೆದೇ ಬರೆಯುತ್ತಿದ್ದೇನೆ. ಅವನ ಹೆಸರನ್ನು ಮಾತ್ರ ಹೇಳುವುದಿಲ್ಲ. ಅವನು ನನಗಿಂತ ಒಂಬತ್ತು ವರ್ಷ ಕಿರಿಯವನು. ನಮ್ಮ ತಂದೆಯವರು ತೀರಿಕೊಂಡಾಗ ಅವನಿಗೆ ಹತ್ತು ವರ್ಷ. ಅವನನ್ನು ಓದಿಸಿ, ಸಹಕಾರ ಸಂಘವೊಂದರಲ್ಲಿ ಗುಮಾಸ್ತೆಯ ಕೆಲಸಕ್ಕೆ ಸೇರಿಸಿ, ಮದುವೆ ಮಾಡಿದವನು ನಾನು. ಹಾಗಿದ್ದುದರಿಂದ ಅವನು ಕುಡಿಯತೊಡಗಿದುದು ನನಗೆ ಅವನ ದುಃಖವಾಗಿ ತೋರದೆ, ನನಗಾದ ಅವಮಾನವಾಗಿ ತೋರಿತು.

ಕುಡಿತ ಹೇಗೆ ಹತ್ತಿತೆಂಬುದನ್ನು ವಿಸ್ತರಿಸಬೇಕಾದುದಿಲ್ಲ. ಎಲ್ಲರ ಮನೆಯ ಕಥೆಯೂ ಒಂದೇ. ಮೊದಲು ಗೆಳೆಯರೊಡನೆ ಸಂಜೆ. ಆಮೇಲೆ ಒಬ್ಬನೇ ರಾತ್ರಿ. ಕಡೆಗೆ ಬೆಳಗ್ಗೆ ಎದ್ದೊಡನೆ. ಆ ಬೆಳಗಿನ ಕುಡಿತವನ್ನು ನಾನು ಲಜ್ಜೆಗೇಡಿತನವೆಂದು ಕರೆದೆನು. ರಾತ್ರಿಯ ಮದ್ಯ ಇಳಿದಮೇಲೆ ಕೈ ನಡುಗಿ ಸಹಿ ಮಾಡಲಾರದವನು ಆ ನಡುಕವನ್ನು ನಿಲ್ಲಿಸಲಿಕ್ಕಾಗಿ ಕುಡಿಯುತ್ತಾನೆಂಬುದೂ, ಅಲ್ಲಿಗೆ ಸುಖದ ಮಾತು ಮುಗಿದು ರೋಗದ ಮಾತು ಮೊದಲಾಯಿತೆಂಬುದೂ ನನಗೆ ತಿಳಿದಿರಲಿಲ್ಲ.

2012ನೆಯ ಇಸವಿಯ ಶ್ರಾವಣಮಾಸದ ಒಂದು ಶನಿವಾರ ಅವನನ್ನು ಮನೆದೇವರ ಗುಡಿಗೆ ಕರೆದುಕೊಂಡು ಹೋದೆನು. ಸ್ನಾನ ಮಾಡಿಸಿ, ಮಡಿಯುಡಿಸಿ, ಸಂಕಲ್ಪವನ್ನು ನಾನೇ ಹೇಳಿಸಿ, ಮಂಗಳಾರತಿಯ ದೀಪವನ್ನು ಮುಟ್ಟಿಸಿ ಆಣೆ ಮಾಡಿಸಿದೆನು. ಆಣೆಯ ಮಾತುಗಳನ್ನು ಕಟ್ಟಿದವನೂ ನಾನೇ: ಇನ್ನೊಂದು ತೊಟ್ಟು ಮುಟ್ಟಿದರೆ ದೇವರು ನನ್ನನ್ನೂ ನನ್ನ ಮಕ್ಕಳನ್ನೂ ಕೈಬಿಡಲಿ, ಎಂದು. ಮಕ್ಕಳೆಂಬ ಮಾತು ಬಂದಾಗ ಅವನ ಹೆಂಡತಿ ನನ್ನ ಮುಖವನ್ನು ಒಮ್ಮೆ ನೋಡಿದಳು. ಅವನು ಮಾತುಗಳನ್ನು ತಪ್ಪಿಲ್ಲದೆ ಹೇಳಿದನು. ಮನೆಗೆ ಬರುವಾಗ, ಧರ್ಮವು ಗೆದ್ದಿತೆಂದು ನನಗೆ ಬಹಳ ತೃಪ್ತಿಯಾಗಿತ್ತು.

ಅವನು ಆಣೆಯನ್ನು ಉಳಿಸಿಕೊಂಡನು; ವಿಪತ್ತು ಬಂದುದು ಅದರಿಂದಲೇ. ಭಾನುವಾರ ಸಂಜೆಗೆ ಮೈ ಬೆವರಿ ಕೈಕಾಲು ನಡುಗತೊಡಗಿತು. ಪಾಪವು ಸುಟ್ಟುಹೋಗುತ್ತಿದೆಯೆಂದು ನಾನು ಸಮಾಧಾನ ಹೇಳಿದೆನು. ಸೋಮವಾರ ರಾತ್ರಿ ಗೋಡೆಯ ಮೇಲೆ ಇರುವೆಗಳ ಸಾಲು ಏರುತ್ತಿದೆಯೆಂದು ಕೂಗಿ, ಇಲ್ಲದ ಇರುವೆಗಳನ್ನು ಮೈಯಿಂದ ಒರಸಿಕೊಂಡನು. ಅಂಗಳದಲ್ಲಿ ತಂದೆ ನಿಂತಿದ್ದಾರೆಂದನು. ನನ್ನನ್ನು ನೋಡಿ ನೀವು ಯಾರೆಂದು ಕೇಳಿದನು. ನೆರೆಯವರು ಗಾಳಿ ಸೋಕಿದೆಯೆಂದರು. ನಾನು ಅವನ ತಲೆದೆಸೆಯಲ್ಲಿ ಕುಳಿತು ಜಪ ಮಾಡುತ್ತಿದ್ದೆನು. ಬೆಳಗಿನ ಜಾವ ಸೆಳವು ಬಂದು ಬಾಯಲ್ಲಿ ನೊರೆ ಕಾಣಿಸಿತು. ಆಗ ಏಳನೆಯ ತರಗತಿಯವರೆಗೆ ಮಾತ್ರ ಓದಿದ ಅವನ ಹೆಂಡತಿ, “ಭಾವ, ಮಂತ್ರ ಆಮೇಲೆ ಆಗಲಿ, ಮೊದಲು ಕಾಲು ಹಿಡಿಯಿರಿ” ಎಂದು ಹೇಳಿ, ಪಕ್ಕದ ಮನೆಯವರ ಜೀಪನ್ನು ತರಿಸಿದಳು. ಆ ದಿನ ನಮ್ಮ ಮನೆಯಲ್ಲಿ ವಿವೇಕವಿದ್ದುದು ಅವಳೊಬ್ಬಳಲ್ಲಿ.

ತಾಲ್ಲೂಕು ಆಸ್ಪತ್ರೆಯ ವೈದ್ಯರು ಕೇಳಿದ ಮೊದಲನೆಯ ಪ್ರಶ್ನೆ, ಕಡೆಯ ಸಲ ಕುಡಿದುದು ಯಾವಾಗ, ಎಂಬುದು. ನಾನು ಆಣೆಯ ವೃತ್ತಾಂತವನ್ನು ಹೇಳಿದೆನು. ಅವರು ಸಿಟ್ಟಾಗಲಿಲ್ಲ. “ಮೇಷ್ಟ್ರೇ, ವರ್ಷಗಟ್ಟಲೆ ಎತ್ತು ಹಗ್ಗದ ಎದುರಿಗೆ ಎಳೆದು ಎಳೆದು ನಿಂತಿರುತ್ತದೆ. ಹಗ್ಗವನ್ನು ಥಟ್ಟನೆ ಕೊಯ್ದರೆ ಏನಾಗುತ್ತದೆ? ಮುಗ್ಗರಿಸುತ್ತದೆ. ಮಿದುಳೂ ಹಾಗೆಯೇ” ಎಂದರು. ಮದ್ಯವು ಮಿದುಳನ್ನು ದಿನವೂ ಅದುಮುತ್ತಿದ್ದಿತು. ಮಿದುಳು ಅದಕ್ಕೆ ಎದುರಾಗಿ ತನ್ನ ವೇಗವನ್ನು ಹೆಚ್ಚಿಸಿಕೊಂಡಿದ್ದಿತು. ಅದುಮುವ ಕೈಯನ್ನು ಒಮ್ಮೆಗೇ ತೆಗೆದಾಗ ಆ ವೇಗವೇ ಸನ್ನಿಯಾಯಿತು. ಇದನ್ನು ಡೆಲಿರಿಯಮ್ ಟ್ರೆಮೆನ್ಸ್ ಎನ್ನುತ್ತಾರಂತೆ. ಸಾಮಾನ್ಯವಾಗಿ ಕುಡಿತ ನಿಂತ ಎರಡು ಮೂರು ದಿನಗಳಲ್ಲಿ ಇದು ತಲೆದೋರುವುದು. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣವೇ ಹೋಗಬಹುದು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುಮಂದಿ ಉಳಿಯುವರು. ಶಮನದ ಔಷಧವನ್ನು ಮೊದಲು ಹೆಚ್ಚಾಗಿ ಕೊಟ್ಟು ದಿನದಿನಕ್ಕೆ ಇಳಿಸುತ್ತ ಬಂದರು. ಥಯಾಮಿನ್ ಎಂಬ ಬಿ1 ಜೀವಸತ್ವದ ಸೂಜಿಮದ್ದನ್ನೂ ಕೊಟ್ಟರು; ಬಹುಕಾಲ ಕುಡಿದವರ ಮೈಯಲ್ಲಿ ಅದು ಬರಿದಾಗಿರುವುದಂತೆ, ಬರಿದಾದರೆ ನೆನಪೂ ನಡಿಗೆಯೂ ಕೆಡುವುವಂತೆ. ನನ್ನ ಆಣೆಯು ನನ್ನ ತಮ್ಮನನ್ನು ಸಾವಿನ ಬಾಗಿಲಿನವರೆಗೆ ಕೊಂಡೊಯ್ದಿದ್ದಿತು. ಅಲ್ಲಿಂದ ಈಚೆಗೆ ಎಳೆದುದು ಔಷಧ.

ಪ್ರಾಣ ಉಳಿದಮೇಲೆ ಅವನನ್ನು ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ರೋಗಿಯೊಡನೆ ಮನೆಯವರೊಬ್ಬರು ಇರಬೇಕೆಂದು ನಿಯಮ. ರಜೆ ಹಾಕಿ ನಾನೇ ಇಪ್ಪತ್ತು ದಿನ ಇದ್ದೆನು. ನಡುಕ ಹೋಗಿತ್ತು, ಆದರೆ ಅವನು ಮಾತಾಡದೆ ಗೋಡೆಯ ಕಡೆಗೆ ತಿರುಗಿ ಮಲಗಿಬಿಡುತ್ತಿದ್ದನು. ಕುಡಿತದಿಂದ ಬಂದ ಖಿನ್ನತೆ ಅನೇಕರಲ್ಲಿ ಕೆಲವು ವಾರ ಮದ್ಯವಿಲ್ಲದೆ ಇದ್ದರೆ ತಾನಾಗಿಯೇ ಇಳಿಯುವುದೆಂದೂ, ಇಳಿಯದಿದ್ದರೆ ಅದು ಬೇರೊಂದು ರೋಗವೇ ಆಗಿದ್ದು ಅದಕ್ಕೆ ಬೇರೆ ಚಿಕಿತ್ಸೆ ಮಾಡಬೇಕೆಂದೂ ವೈದ್ಯರು ಹೇಳಿದರು. ಕುಡಿತ ನಿಂತ ಮಾತ್ರಕ್ಕೆ ಮನಸ್ಸು ನೆಟ್ಟಗಾಯಿತೆಂದು ನಾವು ತಿಳಿಯುವುದು ತಪ್ಪು. ಅಲ್ಲಿಯ ಸಮಾಜಕಾರ್ಯಕರ್ತೆ, ವಯಸ್ಸಿನಲ್ಲಿ ನನ್ನ ಶಿಷ್ಯೆಯಂತಿದ್ದ ಹೆಣ್ಣುಮಗಳು, ಒಂದು ದಿನ ಅವನನ್ನು ನನ್ನೆದುರಿಗೇ ಕೇಳಿದಳು: “ನಿಮಗೆ ದೇವರಲ್ಲಿ ನಂಬಿಕೆಯುಂಟೇ?” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಉಂಟು; ಆದುದರಿಂದಲೇ ಭಯ. ದೇವರನ್ನು ನೆನೆದುಕೊಂಡಾಗ ಅಣ್ಣಯ್ಯನ ಮುಖವೇ ಕಾಣುತ್ತದೆ” ಎಂದನು.

ಆ ಮಾತನ್ನು ಕೇಳಿ ನಾನು ಎದ್ದು ಹೊರಗೆ ಬಂದೆನು. ಹೊರಗೆ ಒಂದು ಹೊಂಗೆಯ ಮರವಿದ್ದಿತು. ಅದರ ಕೆಳಗೆ ಬಹಳ ಹೊತ್ತು ಕುಳಿತಿದ್ದೆನು. ಹನ್ನೊಂದು ವರ್ಷದ ತಗ್ಗಿದ ತಲೆಯ ಅರ್ಥ ಆಗ ತಿಳಿಯಿತು. ಅವನು ನನ್ನ ಮುಂದೆ ತಲೆತಗ್ಗಿಸಿದಷ್ಟು ಸಲವೂ, ದೇವರೂ ತನ್ನನ್ನು ಹೀಗೆಯೇ ನೋಡುತ್ತಿದ್ದಾನೆಂದು ತಿಳಿದಿದ್ದನು. ಅಂಥ ನೋಟವನ್ನು ತಾಳಲಾರದೆ ಮತ್ತೆ ಹೋಗಿ ಕುಡಿದಿದ್ದನು.

ನಮ್ಮ ಕನ್ನಡದಲ್ಲಿ ಮದ್ದು ಎಂದರೆ ಔಷಧ. ಮದ್ದಿಟ್ಟರು ಎಂದರೆ ವಿಷವಿಟ್ಟರು ಎಂದರ್ಥ. ದೇವರ ಹೆಸರೂ ಹಾಗೆಯೇ ಆಗಬಹುದೆಂಬುದನ್ನು ಇಂದಿನ ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಕೆನೆತ್ ಪಾರ್ಗಮೆಂಟ್ ಎಂಬ ವಿದ್ವಾಂಸರು, ಕಷ್ಟ ಬಂದಾಗ ಜನರು ಧರ್ಮವನ್ನು ಎರಡು ಬಗೆಯಾಗಿ ಹಿಡಿಯುತ್ತಾರೆಂದು ತೋರಿಸಿದರು. ದೇವರು ನನ್ನ ಜೊತೆಗಿದ್ದಾನೆ, ಈ ಕಷ್ಟವನ್ನು ನಾವಿಬ್ಬರೂ ಕೂಡಿ ಹೊರುತ್ತೇವೆ, ಎಂದು ಹಿಡಿಯುವುದು ಒಂದು ಬಗೆ. ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ, ಎಂದು ಹಿಡಿಯುವುದು ಇನ್ನೊಂದು. ಎರಡನೆಯ ಬಗೆಯವರಲ್ಲಿ ಖಿನ್ನತೆಯೂ ಸಂಕಟವೂ ಹೆಚ್ಚಾಗಿ ಕಾಣುವುವು. ನಾನು ಕಟ್ಟಿಕೊಟ್ಟ ಆಣೆಯ ಮಾತನ್ನು ವಾಚಕರು ಇನ್ನೊಮ್ಮೆ ನೆನೆದುಕೊಳ್ಳಬೇಕು. ಎರಡನೆಯ ಬಗೆಯನ್ನು ನಾನು ಮಂಗಳಾರತಿಯ ಸಾಕ್ಷಿಯಲ್ಲಿ ಅವನ ಬಾಯಿಂದಲೇ ಹೇಳಿಸಿದ್ದೆನು.

ಆಸ್ಪತ್ರೆಯಲ್ಲಿದ್ದಾಗ ಒಂದು ಸಂಜೆ ಅವನನ್ನು ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗದ ಸಭೆಗೆ ಕರೆದುಕೊಂಡು ಹೋದೆನು. ಬಂಧುಗಳೂ ಕುಳಿತುಕೊಳ್ಳಬಹುದಾದ ಸಭೆ ಅದು. ಕುಡಿತದಿಂದ ಕೆಟ್ಟವರು, ಕುಡಿತವನ್ನು ದೂರವಿಡಲು ಬಯಸುವವರು, ಒಟ್ಟಿಗೆ ಕೂಡುವ ಜಾಗ. ಚಂದಾ ಇಲ್ಲ, ಅಧ್ಯಕ್ಷಭಾಷಣವಿಲ್ಲ, ಕುಲಗೋತ್ರಗಳ ವಿಚಾರಣೆಯಿಲ್ಲ. ಮಾತು ಹೊರಗೆ ಹೋಗಕೂಡದೆಂಬುದು ಅಲ್ಲಿಯ ಕಟ್ಟಳೆಯಾದುದರಿಂದ ಯಾರು ಏನೆಂದರೆಂದು ನಾನು ಬರೆಯಲಾರೆ. ಆಧ್ಯಾತ್ಮಿಕ ಸಭೆಯೆಂದು ಕೇಳಿ ಉಪದೇಶವನ್ನು ನಿರೀಕ್ಷಿಸಿಕೊಂಡು ಹೋದ ನಾನು ಒಂದೂವರೆ ಗಂಟೆ ಕುಳಿತೆನು. ಒಬ್ಬನೂ ಇನ್ನೊಬ್ಬನಿಗೆ ಉಪದೇಶ ಮಾಡಲಿಲ್ಲ. ಪ್ರತಿಯೊಬ್ಬನೂ ತನ್ನ ಕಥೆಯನ್ನು ಹೇಳಿದನು, ಉಳಿದವರು ಕೇಳಿದರು, ಕಡೆಯಲ್ಲಿ ಚಹಾ ಕುಡಿದರು. ನನ್ನ ತಮ್ಮನೂ ನಾಲ್ಕು ಮಾತಾಡಿದನು. ಅವನು ಮಾತಾಡುವಾಗ ತಲೆಯೆತ್ತಿ ಮಾತಾಡಿದುದನ್ನು ನಾನು ಗಮನಿಸಿದೆನು.

ಈ ಬಳಗ ಹುಟ್ಟಿದ ಬಗೆಯೂ ತಿಳಿಯತಕ್ಕದ್ದಾಗಿದೆ. 1935ನೆಯ ಇಸವಿಯ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬವನು ವ್ಯಾಪಾರದ ಕೆಲಸದಮೇಲೆ ಅಮೆರಿಕದ ಆಕ್ರನ್ ಪಟ್ಟಣಕ್ಕೆ ಬಂದಿದ್ದನು. ಕುಡಿತ ಬಿಟ್ಟು ಆಗ ಐದಾರು ತಿಂಗಳು. ಬಂದ ಕೆಲಸ ಕೆಟ್ಟಿತು. ಇಳಿದುಕೊಂಡಿದ್ದ ಹೋಟೆಲಿನಲ್ಲಿಯೇ ಮದ್ಯದಂಗಡಿ. ಅತ್ತ ಕಾಲು ಎಳೆಯುತ್ತಿರುವಾಗ ಅವನು ಊರಿನ ಪಾದ್ರಿಗಳಿಗೆ ಟೆಲಿಫೋನು ಮಾಡಿ, ತನ್ನಂಥ ಇನ್ನೊಬ್ಬ ಕುಡುಕನಿದ್ದರೆ ತೋರಿಸಿರೆಂದು ಬೇಡಿದನು. ಹಾಗೆ ಸಿಕ್ಕಿದವರು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ವಿಲ್ಸನ್ ಅವರನ್ನು ಉದ್ಧರಿಸಲು ಹೋಗಲಿಲ್ಲ. ತಾನು ಉಳಿಯಲು ಹೋದನು. ಇಬ್ಬರೂ ಉಳಿದರು; ಆ ಇಬ್ಬರಿಂದ ಬಳಗ ಬೆಳೆಯಿತು. 1939ರಲ್ಲಿ ಅಚ್ಚಾದ ಅವರ ಗ್ರಂಥದಲ್ಲಿ ಹನ್ನೆರಡು ಮೆಟ್ಟಿಲುಗಳುಂಟು. ತನ್ನಿಂದ ಆಗದೆಂದು ಒಪ್ಪಿಕೊಳ್ಳುವುದು ಮೊದಲನೆಯದು. ತನಗಿಂತ ದೊಡ್ಡದಾದ ಶಕ್ತಿಯೊಂದರಲ್ಲಿ ಭಾರ ಹಾಕುವುದು ಅನಂತರದ್ದು. ಆ ಶಕ್ತಿ ಯಾವುದೆಂಬುದನ್ನು ಅವರವರ ತಿಳಿವಳಿಕೆಗೇ ಬಿಟ್ಟಿದ್ದಾರೆ. ದೇವರನ್ನೊಪ್ಪದವನು ಆ ಬಳಗವನ್ನೇ ತನಗಿಂತ ದೊಡ್ಡದೆಂದು ಹಿಡಿದುಕೊಳ್ಳುವುದೂ ಉಂಟು.

ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗರು 1961ರಲ್ಲಿ ವಿಲ್ಸನ್ನನಿಗೆ ಒಂದು ಕಾಗದ ಬರೆದರು. ಲ್ಯಾಟಿನ್ ಭಾಷೆಯಲ್ಲಿ ಆತ್ಮಕ್ಕೂ ಮದ್ಯಕ್ಕೂ ಒಂದೇ ಶಬ್ದವೆಂದೂ, ಕುಡುಕನ ದಾಹವು ಪೂರ್ಣತೆಗಾಗಿ ಆತ್ಮಕ್ಕಿರುವ ದಾಹದ ಕೆಳಗಿಳಿದ ರೂಪವೆಂದೂ ಅದರ ತಾತ್ಪರ್ಯ. ಇದು ಕೇವಲ ಕವಿತ್ವವೆನ್ನುವವರಿಗೆ ಲೆಕ್ಕವೂ ಉಂಟು. 27 ಪರಿಶೋಧನೆಗಳನ್ನೂ ಅವುಗಳಲ್ಲಿದ್ದ 10,565 ಮಂದಿಯನ್ನೂ ಸೇರಿಸಿ ತೂಗಿದ ಕಾಕ್ರೇನ್ ಸಮೀಕ್ಷೆ 2020ರಲ್ಲಿ ಪ್ರಕಟವಾಯಿತು. ಈ ಬಳಗಕ್ಕೆ ಕ್ರಮವಾಗಿ ಸೇರಿಸುವ ಚಿಕಿತ್ಸೆಯನ್ನು ಪಡೆದವರಲ್ಲಿ ವರ್ಷದ ಕೊನೆಗೆ ನೂರಕ್ಕೆ 42 ಮಂದಿಯೂ, ಬೇರೆ ಮನಶ್ಚಿಕಿತ್ಸೆಗಳನ್ನು ಪಡೆದವರಲ್ಲಿ ನೂರಕ್ಕೆ 35 ಮಂದಿಯೂ ಪೂರ್ತಿಯಾಗಿ ಕುಡಿಯದೆ ಇರುವರೆಂದು ಅದರ ಗಣನೆ. ವ್ಯತ್ಯಾಸ ಪವಾಡದಷ್ಟಿಲ್ಲ; ಆದರೆ ನಿಜವಾದುದು. ಹೆಚ್ಚಿನ ಮಟ್ಟಿಗೆ ಉಪಕಾರ ಮಾಡುವುದು ಹೊಸ ಗೆಳೆತನವೂ, ತನ್ನಿಂದಾದೀತೆಂಬ ಧೈರ್ಯವೂ. ರೋಗ ಬಲಿತವರಲ್ಲಿ ಆಧ್ಯಾತ್ಮದ ಒಲವು ಬೆಳೆಯುವುದೂ ಅದಕ್ಕೆ ಒದಗುವುದೆಂದು ಪರೀಕ್ಷಕರು ಕಂಡುಕೊಂಡಿದ್ದಾರೆ.

ಊರಿಗೆ ಮರಳಿದಮೇಲೆ ನಾನು ಮಾಡಿದ ಮೊದಲ ಕೆಲಸ ಕಪಾಟಿನಲ್ಲಿದ್ದ ಚರಕಸಂಹಿತೆಯನ್ನು ಕೆಳಕ್ಕೆ ತೆಗೆದುದು. ಅದರ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯ ಮದಾತ್ಯಯವೆಂಬ ಮದ್ಯರೋಗದ ವಿಚಾರ. ಮದ್ಯವು ಮನಸ್ಸನ್ನೂ ಶರೀರವನ್ನೂ ಎರಡನ್ನೂ ಕೆಡಿಸುವುದರಿಂದ ಈ ರೋಗಿಗೆ ಹರ್ಷಣೀ ಕ್ರಿಯೆ, ಎಂದರೆ ಹರ್ಷವನ್ನುಂಟುಮಾಡುವ ಉಪಚಾರ, ಬೇಕೆಂದು ಆಚಾರ್ಯನು ಹೇಳುತ್ತಾನೆ. ರಮ್ಯವಾದ ವನ, ತಾವರೆಯ ಕೊಳ, ಮನಸ್ಸನ್ನರಳಿಸುವ ಸಂಗಡಿಗರು, ಹೃದಯಕ್ಕೆ ಪ್ರಿಯವಾದ ಗೋಷ್ಠಿ, ಹಾಡು, ನಗು: ಇವೆಲ್ಲವನ್ನೂ ಔಷಧದ ಪಟ್ಟಿಯಲ್ಲಿ ಸೇರಿಸಿದ್ದಾನೆ. ಬೈಯುವುದನ್ನು ಸೇರಿಸಿಲ್ಲ. ಮದ್ಯವನ್ನೇ ಅಳತೆಯಿಂದ ಔಷಧವಾಗಿ ಕೊಡುವ ಕ್ರಮವನ್ನೂ ಅವನು ಹೇಳಿರುವುದುಂಟು; ಅದನ್ನು ಇಂದು ಯಾರೂ ಮನೆಯಲ್ಲಿ ಅನುಸರಿಸಕೂಡದು. ಆದರೆ ಹರ್ಷದ ಮಾತು ನನ್ನನ್ನು ತಡೆದು ನಿಲ್ಲಿಸಿತು. ಮದ್ ಧಾತುವಿಗೆ ಹರ್ಷವೆಂದು ವರ್ಷವರ್ಷವೂ ಪಾಠ ಹೇಳಿದವನು ನಾನು. ನನ್ನ ತಮ್ಮ ಹರ್ಷವನ್ನು ಹುಡುಕಿಕೊಂಡು ಹೊರಟು ದಾರಿತಪ್ಪಿದವನೆಂದೂ, ಅವನಿಗೆ ಬೇಕಾದುದು ಅದೇ ಹರ್ಷದ ಕ್ಷೇಮವಾದ ದಾರಿಯೆಂದೂ ಒಂದು ದಿನವಾದರೂ ನನಗೆ ಹೊಳೆಯಲಿಲ್ಲ.

ಅದೇ ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆ ಮೂರು ವಿಧವೆಂದಿದೆ. ಮಂತ್ರ ವ್ರತ ಪ್ರಾರ್ಥನೆಗಳ ದೈವವ್ಯಪಾಶ್ರಯ. ಆಹಾರ ಔಷಧಗಳ ಯುಕ್ತಿವ್ಯಪಾಶ್ರಯ. ಮನಸ್ಸನ್ನು ಅಹಿತದಿಂದ ಹಿಂದೆಗೆಯುವ ಸತ್ತ್ವಾವಜಯ. ನಾನು ಮೊದಲನೆಯದೊಂದನ್ನೇ, ಅದನ್ನೂ ಭಯದಲ್ಲಿ ಅದ್ದಿ, ಕೊಟ್ಟೆನು. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು: ಪ್ರಾರ್ಥನೆಯಲ್ಲಿ ಕೂಡುವವರಲ್ಲಿ ಕೆಲವರು, ಮಾತ್ರೆ ನುಂಗುವವನು ನಿಜವಾಗಿ ಕುಡಿತ ಬಿಟ್ಟವನಲ್ಲವೆಂದು ಹೇಳುವುದನ್ನು ಕೇಳಿದ್ದೇನೆ. ಕುಡಿಯಬೇಕೆಂಬ ತವಕವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮೊದಲಾದ ಔಷಧಗಳು ಇಂದು ಉಂಟು, ಖಿನ್ನತೆಗೂ ಔಷಧವುಂಟು. ವೈದ್ಯರು ಹೇಳುವವರೆಗೆ ಅವನ್ನು ಬಿಡುವುದು ಭಕ್ತಿಯೂ ಅಲ್ಲ, ವಿವೇಕವೂ ಅಲ್ಲ.

ತಮ್ಮನ ದಾರಿ ನೇರವಾಗಿರಲಿಲ್ಲ. ಊರಿಗೆ ಬಂದ ಆರನೆಯ ತಿಂಗಳಲ್ಲಿ ಒಮ್ಮೆ ಜಾರಿದನು. 2014ರಲ್ಲಿ ನಮ್ಮ ತಾಯಿಯವರು ತೀರಿಕೊಂಡು ಹದಿಮೂರನೆಯ ದಿನ ಕಳೆದಮೇಲೆ ಇನ್ನೊಮ್ಮೆ ಜಾರಿದನು. ಆ ರಾತ್ರಿ ಅವನು ನನ್ನ ಕೋಣೆಯ ಬಾಗಿಲನ್ನು ತಟ್ಟದೆ, ಬಳಗದ ಗೆಳೆಯನೊಬ್ಬನಿಗೆ ಟೆಲಿಫೋನು ಮಾಡಿದನು. ಆತ ಒಬ್ಬ ದರ್ಜಿ. ನಲವತ್ತು ಮೈಲಿ ದೂರದಿಂದ ಬೆಳಗಿನ ಬಸ್ಸಿಗೆ ಬಂದನು. ಒಡಹುಟ್ಟಿದವನನ್ನು ಬಿಟ್ಟು ಹೊರಗಿನವನನ್ನು ಕರೆದನಲ್ಲಾ ಎಂದು ನನಗೆ ನೋವಾಯಿತು. ಅವರಿಬ್ಬರೂ ಜಗಲಿಯಲ್ಲಿ ಕುಳಿತು ಮಾತಾಡುತ್ತ, ನಡುವೆ ಒಮ್ಮೆ ನಕ್ಕುದು ಒಳಗೆ ಕೇಳಿಸಿತು. ನೋವು ಅಲ್ಲಿಗೆ ಇಳಿಯಿತು. ನಾನು ಒಳಗೆ ಹೋಗಿ ಅವರಿಬ್ಬರಿಗೂ ಕಾಫಿ ತಂದುಕೊಟ್ಟೆನು. ಒಂದು ಮಾತೂ ಆಡಲಿಲ್ಲ. ನನ್ನ ಪಾಲಿನ ಆಧ್ಯಾತ್ಮಸಾಧನೆ ಅಂದು ಅಷ್ಟೇ. ಅದೇ ವಾರ ಅವನು ವೈದ್ಯರನ್ನು ಕಂಡು ಮತ್ತೆ ಔಷಧಕ್ಕೆ ಕುಳಿತನು. ಅಂದಿನಿಂದ ಹತ್ತು ವರ್ಷಕ್ಕೂ ಮಿಕ್ಕಿ ಅವನು ಕುಡಿತವನ್ನು ಬಿಡುತ್ತಿದ್ದಾನೆ. ಶನಿವಾರ ಗುಡಿಗೂ ಹೋಗುತ್ತಾನೆ. ಏನು ಬೇಡಿಕೊಳ್ಳುತ್ತಾನೆಂದು ನಾನು ಕೇಳುವುದಿಲ್ಲ.

2019ರಲ್ಲಿ ಪ್ರಕಟವಾದ ಭಾರತ ಸರ್ಕಾರದ ಸಮೀಕ್ಷೆಯಂತೆ ಈ ದೇಶದಲ್ಲಿ ಸುಮಾರು 16 ಕೋಟಿ ಮಂದಿ ಮದ್ಯವನ್ನು ಸೇವಿಸುವರು. ಅದರಿಂದಾದ ತೊಂದರೆಗೆ ನೆರವು ಬೇಕಾದವರು 5.7 ಕೋಟಿ. ಮದ್ಯಕ್ಕೆ ಅಧೀನರಾದವರಲ್ಲಿ 38 ಮಂದಿಗೆ ಒಬ್ಬನಂತೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದೆ. 2017ರ ಮಾನಸಿಕ ಆರೋಗ್ಯ ಕಾನೂನು ಮದ್ಯ ಮಾದಕಗಳ ದುರ್ಬಳಕೆಯಿಂದಾದ ಮನಃಸ್ಥಿತಿಯನ್ನು ರೋಗವೆಂದೇ ಎಣಿಸುತ್ತದೆ. ಕಾನೂನಿಗೆ ತಿಳಿದುದು ಮನೆಮನೆಗೆ ಇನ್ನೂ ತಿಳಿಯಬೇಕಾಗಿದೆ. ಉಳಿದ 37 ಮಂದಿ ನಮ್ಮ ನಿಮ್ಮಂಥವರ ಮನೆಗಳಲ್ಲಿಯೇ, ನನ್ನಂಥ ಅಣ್ಣಂದಿರ ಮುಂದೆ ತಲೆತಗ್ಗಿಸಿ ಕುಳಿತಿದ್ದಾರೆ. ಅವರಿಗೆ ಧಾತುಪಾಠ ಹೇಳುವ ಮೊದಲು ವೈದ್ಯರ ಬಳಿಗೆ ಕರೆದುಕೊಂಡು ಹೋಗಿರೆಂದೂ, ಅವರ ಕಿವಿಯಲ್ಲಿ ದೇವರ ಹೆಸರನ್ನು ಹೇಳುವುದಾದರೆ ಅದನ್ನು ಆಶ್ರಯವಾಗುವಂತೆ ಹೇಳಿರೆಂದೂ ನಾನು ಬೇಡುತ್ತೇನೆ.

ಈ ಲೇಖನವನ್ನು ಮುಗಿಸಿ ತಮ್ಮನ ಕೈಗೆ ಕೊಟ್ಟೆನು. ಕನ್ನಡಕವನ್ನೇರಿಸಿ ಪೂರ್ತಿ ಓದಿದನು. ಅವನು ಕುಡಿತವನ್ನು “ಬಿಟ್ಟನು” ಎಂದು ನಾನು ಬರೆದಿದ್ದ ಕಡೆ ಬೆರಳಿಟ್ಟು, “ಅಣ್ಣಯ್ಯ, ಇದು ಭೂತಕಾಲವಲ್ಲವೆ? ನನ್ನ ಪಾಲಿಗೆ ಈ ಕ್ರಿಯಾಪದ ದಿನವೂ ವರ್ತಮಾನಕಾಲವೇ, ಬಿಡುತ್ತಿದ್ದಾನೆ ಎಂದು ತಿದ್ದು” ಎಂದನು. ಮೂವತ್ತನಾಲ್ಕು ವರ್ಷ ವ್ಯಾಕರಣ ಕಲಿಸಿದ ನನ್ನ ತಪ್ಪನ್ನು ಹಿಡಿದವನು ಅವನು. ಮೇಲೆ ತಿದ್ದಿ ಬರೆದಿದ್ದೇನೆ.